ಆಂಬ್ರೋಸ್ ತಂಬಾಕು ತೆಗೆದುಕೊಂಡದ್ದು

ಹಾರ್ಡ್‌ವಿಕ್ ಪಟ್ಟಣದವರು ಇದ್ದಕ್ಕಿದ್ದ ಹಾಗೆ ವಿನಯವಂತರಾದದ್ದು ಕೊಕ್ಕರೆ ಕೆರೆಯ ಜನಕ್ಕೆ ಒಂದಿಷ್ಟೂ ಹಿಡಿಸಲಿಲ್ಲ.

ರಸ್ತೆಯ ಈಚೆ ಮೂಲನಿವಾಸಿಗಳಾದ ಕ್ರೀ ಜನರಿಗೆಂದು ಸರ್ಕಾರ ಗೆರೆ ಎಳೆದು ಉಳಿಸಿದ ಕೊಕ್ಕರೆ ಕೆರೆ ರಿಸರ್ವ್, ಆಚೆ ಬಿಳಿಯರ ಹಾರ್ಡ್‌ವಿಕ್. ನೂರೈವತ್ತು ವರ್ಷದ ಹಿಂದೆ ಬಿಳಿಯರ ಸರ್ಕಾರ ಕ್ರೀ ಜನರೊಡನೆ ನೆಲದ ಒಪ್ಪಂದ ಮಾಡಿಕೊಂಡಂದಿನಿಂದ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಯೂ ನೋಡದ ಹಾಗೆ ಬದುಕಿ ಅದಕ್ಕೇ ಒಗ್ಗಿಹೋಗಿದ್ದರು. ಹೀಗಿರುವಾಗ ಆ ಬೇಸಿಗೆಯಿಂದ ಪಟ್ಟಣದಲ್ಲಿ ಹಾಕಿ ಪಂದ್ಯವಾಗಲಿ, ಬಿಂಗೋ ಆಟವಾಗಲಿ, ಚರ್ಚಿನ ಹಳೇ ಬಟ್ಟೆ ಮಾರಾಟವಾಗಲಿ, ಮೊದಲು ಯಾರಾದರೊಬ್ಬರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಇದು ಕ್ರೀ ಜನರ ಪೂರ್ವಿಕರ ನೆಲವೆಂದು ನಾವು ವಿನಮ್ರರಾಗಿ ಸ್ಮರಿಸುತ್ತೇವೆ. ಇದು ನಾಲ್ಕನೇ ಒಪ್ಪಂದದ ಭೂಮಿ. ಒಪ್ಪಂದ ನಮ್ಮೆಲ್ಲರದು, ಹೊಣೆಯೂ ನಮ್ಮೆಲ್ಲರದು" ಎಂದು ಓದತೊಡಗಿದರು. ಓದಿದವರು ಕೂತುಬಿಡುತ್ತಿದ್ದರು. ನೆಲ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು.

ರಿಸರ್ವಿನಲ್ಲಿ ಇದರ ಬಗ್ಗೆ ಬಹಳ ಚರ್ಚೆಯಾಯಿತು. ಊರಿಗೆಲ್ಲ ಅಜ್ಜಿಯಾದ ಕೊಕುಮ್ ಫಿಲೋಮೀನ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. "ಅವರು ಬೈತಿದ್ದಾಗ ನಾನು ಹೆದರ್ತಿರಲಿಲ್ಲ. ಈಗ ಹೆದರ್ತೀನಿ. ಹೋದ ಸಲ ಇಷ್ಟು ನಯವಾಗಿ ಮಾತಾಡಿದಾಗ ನಮ್ಮ ಹತ್ರ ಆ ಗುಡ್ಡದವರೆಗೂ ಜಾಗ ಇತ್ತು."

ಅತಿ ವಿನಯ ಧೂರ್ತ ಲಕ್ಷಣ ಎಂಬುದು ಗೊತ್ತಿರಲು ಸಂಸ್ಕೃತ ಬರಬೇಕಾಗಿಲ್ಲ.

ಇಷ್ಟು ಎಚ್ಚರವಾಗಿದ್ದ ಊರಿನಲ್ಲಿ ಎಚ್ಚರವಿಲ್ಲದ ಮನುಷ್ಯ ಒಬ್ಬನೇ ಇದ್ದ. ಅವನೇ ಆಂಬ್ರೋಸ್ ಪೆಲ್ತಿಯೆ. ವಯಸ್ಸು ಐವತ್ತನಾಲ್ಕೇ ಆದರೂ ಕೂದಲು ಅವಸರಪಟ್ಟು ಪೂರ್ತಿ ಬೆಳ್ಳಗಾಗಿತ್ತು. ಹೆಗಲಿಗೆ ಬೀಳುವ ಎರಡು ಬಿಳಿ ಜಡೆ, ತಿದ್ದಿದಂಥ ಮೂಗು. ನೋಡಿದವರು ಮಹಾಜ್ಞಾನಿ ಎಂದೇ ತಿಳಿಯಬೇಕು. ರಿಸರ್ವಿನವರು ಮಾತ್ರ ಹಾಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಅವರಿಗೆ ಅವನು ಗೊತ್ತಿದ್ದ. ಸ್ವಂತ ಟ್ರಕ್ಕನ್ನು ಕೆರೆಯ ಮಂಜುಗಡ್ಡೆಯ ಮೇಲೆ ನಿಲ್ಲಿಸಿ ಮೀನು ಹಿಡಿದು, ಟ್ರಕ್ಕನ್ನು ಅಲ್ಲೇ ಮರೆತು ಮನೆಗೆ ನಡೆದು ಬಂದವನು ಅವನು. ವಸಂತದಲ್ಲಿ ಗಡ್ಡೆ ಕರಗಿ ಟ್ರಕ್ಕು ಮೀನುಗಳ ಪಾಲಾಯಿತು.

ಅಕ್ಟೋಬರಿನ ಒಂದು ಸೋಮವಾರ ಆಂಬ್ರೋಸ್ ಹಾರ್ಡ್‌ವಿಕ್‌ನ ಅಂಗಡಿಯಿಂದ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ತರುತ್ತಿದ್ದ. ಅವನ ಜಾಕೆಟ್ಟಿನ ಜಿಪ್ ಕಿತ್ತುಹೋಗಿದ್ದರಿಂದ ಅಂದು ಅವನು ತೀರಿಹೋದ ಮಾವನ ಮಣಿಕಸೂತಿಯ ತೊಗಲಂಗಿ ಹಾಕಿಕೊಂಡಿದ್ದ. ಎಡವಟ್ಟಿಗೆ ಇಷ್ಟು ಸಾಕಾಯಿತು.

"ಹಿರಿಯರೇ!" ಎಂದು ಯಾರೋ ಕರೆದರು.

ಆಂಬ್ರೋಸ್ ಹಿಂದೆ ತಿರುಗಿ ಹಿರಿಯರು ಯಾರೆಂದು ನೋಡಿದ. ಯಾರೂ ಇರಲಿಲ್ಲ. ಮುಂದೆ ನಿಂತಿದ್ದವರು ಪಟ್ಟಣದ ಮೇಯರ್ ಮಾರ್ಲೀನ್ ಟ್ವೀಡಿ. ಆಕೆಯ ಹೊಟ್ಟೆಪಾಡು ವಿಮೆ ಮಾರುವುದು; ಓದದೆ ಎಲ್ಲಿಯೂ ಸಹಿ ಹಾಕಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವುದರಲ್ಲಿ ಆಕೆಯದು ಎತ್ತಿದ ಕೈ. ಆಕೆಯ ಎರಡೂ ಕೈಗಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ತಂಬಾಕಿನ ಚೀಲವಿತ್ತು.

ಈ ಸೀಮೆಯಲ್ಲಿ ಹಿರಿಯರಿಂದ ಪ್ರಾರ್ಥನೆ ಬೇಕಾಗಲಿ, ಬುದ್ಧಿಮಾತು ಬೇಕಾಗಲಿ, ಮಗುವಿಗೊಂದು ಹೆಸರು ಬೇಕಾಗಲಿ, ತಂಬಾಕು ಮುಂದಿಟ್ಟು ಕೇಳುತ್ತಾರೆ. ಹಿರಿಯರು ಅದನ್ನು ಮುಟ್ಟದಿದ್ದರೆ ಒಲ್ಲೆ ಎಂದರ್ಥ. ಕೈಗೆ ತೆಗೆದುಕೊಂಡರೆ ಮುಗಿಯಿತು, ಆಕಾಶ ಬಿದ್ದರೂ ಮಾತು ನಡೆಸಬೇಕು. ಇದು ಆಂಬ್ರೋಸನಿಗೂ ಗೊತ್ತಿತ್ತು. ಆದರೆ ಇದುವರೆಗೆ ಅವನಿಗೆ ಯಾರೂ ತಂಬಾಕು ಕೊಟ್ಟಿರಲಿಲ್ಲ. ಕೇಳಿ ಇಸಿದುಕೊಂಡೇ ಅಭ್ಯಾಸ.

"ಹಿರಿಯರೇ, ತಮ್ಮಲ್ಲಿ ಒಂದು ಬಿನ್ನಹವಿದೆ" ಎಂದರು ಮೇಯರ್.

ಆಂಬ್ರೋಸನ ಬೆನ್ನು ತಾನಾಗಿ ನೆಟ್ಟಗಾಯಿತು. ಹಿರಿಯರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಯೋಚಿಸಿದ. ದೂರ ನೋಡುತ್ತಾರೆ. ಅವನೂ ದೂರ ನೋಡಿದ. ದೂರದಲ್ಲಿ ಗೋಧಿ ತುಂಬುವ ಎತ್ತರದ ಕಣಜವಿತ್ತು, ಅದರ ತುದಿಯಲ್ಲೊಂದು ಕಾಗೆ ಕೂತಿತ್ತು, ಕಾಗೆಯ ಬಾಯಲ್ಲಿ ಕರಿದ ಆಲೂಗೆಡ್ಡೆಯ ತುಂಡಿತ್ತು. ಇನ್ನೊಂದು ಕಾಗೆ ಪಕ್ಕದಲ್ಲಿ ಬಂದು ಕೂತು ಸಲುಗೆ ಮಾಡತೊಡಗಿತು. ಮೇಯರ್ ಪೂರ್ವಿಕರಿಂದ ಆರಂಭಿಸಿ, ನದಿ ಬೆಟ್ಟ ಕಾಡೆಮ್ಮೆಗಳನ್ನು ಹಾದು, ಒಪ್ಪಂದದ ಹೊಣೆಗಾರಿಕೆಗೆ ಬಂದು ಮುಟ್ಟುವ ಹೊತ್ತಿಗೆ ಎರಡನೇ ಕಾಗೆ ತುಂಡು ಕಿತ್ತುಕೊಂಡು ಹಾರಿಯೇಬಿಟ್ಟಿತು. "ಥೂ ಕಳ್ಳ!" ಎಂದುಕೊಂಡು ಆಂಬ್ರೋಸ್ ಈ ಲೋಕಕ್ಕೆ ಮರಳಿದಾಗ ತಂಬಾಕು ಅವನ ಕೈಯಲ್ಲಿತ್ತು.

"ಹಾಗಾದರೆ ಶನಿವಾರ, ಹೊಸ ಹಾಕಿ ರಿಂಕ್‌ನಲ್ಲಿ. ನಮ್ಮ ಪಟ್ಟಣ ತಮಗೆ ಋಣಿ" ಎಂದು ಹೇಳಿ ಮೇಯರ್ ಕಣ್ಣೊರೆಸಿಕೊಂಡು ಹೊರಟುಹೋದರು.

ಆಂಬ್ರೋಸ್ ಗಂಭೀರವಾಗಿ ತಲೆಯಾಡಿಸಿದ. ಹಿರಿಯರು ತಲೆಯಾಡಿಸುತ್ತಾರೆ. ಮನೆಯ ದಾರಿಯಲ್ಲಿ ಒಂದು ಸುತ್ತಿ ಸೇದಿದ. ಅದು ಚೆನ್ನಾಗಿತ್ತೆಂದು ಇನ್ನೊಂದು ಸೇದಿದ.

ಮನೆಯಲ್ಲಿ ಹೆಂಡತಿ ವರ್ನಾ ನೀರು ಕುದಿಸುತ್ತಿದ್ದಳು. ಆ ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ಯಾವಾಗಲೂ ಕುದಿಯುತ್ತಲೇ ಇರುತ್ತವೆ. ರಿಸರ್ವಿನ ನಲ್ಲಿನೀರನ್ನು ಕುದಿಸದೆ ಕುಡಿಯಬಾರದೆಂದು ನೋಟೀಸು ಅಂಟಿಸಿ ವರ್ಷಗಳೇ ಆಗಿದ್ದವು. ನೋಟೀಸು ಹಳದಿಗೆ ತಿರುಗಿತ್ತು. ನೀರು ಅದಕ್ಕಿಂತ ಮೊದಲೇ ತಿರುಗಿತ್ತು. ಕುಡಿಯುವುದಕ್ಕೆ ಕ್ಯಾನು, ಅಡುಗೆಗೆ ಪಾತ್ರೆ, ಮೊಮ್ಮಗುವಿನ ಸ್ನಾನಕ್ಕೆ ಇನ್ನೊಂದು ಪಾತ್ರೆ. ವರ್ನಾಳ ಅರ್ಧ ಆಯಸ್ಸು ಆವಿಯಾಗಿ ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು.

"ಯಾರ ತಂಬಾಕು ಅದು?" ಎಂದಳು, ತಿರುಗಿ ನೋಡದೆ. ಅವಳ ಮೂಗೇ ಸಾಕು.

"ಮೇಯರ್ ಕೊಟ್ರು. ಕೆಂಪು ಬಟ್ಟೇಲಿ ಸುತ್ತಿ. ಹಿರಿಯರೇ ಅಂದ್ರು."

"ಯಾರನ್ನ?"

"ನನ್ನನ್ನೇ!"

ವರ್ನಾ ಸೌಟು ಕೆಳಗಿಟ್ಟಳು. "ಏನು ಕೇಳಿದ್ರು?"

ಆಂಬ್ರೋಸ್ ದೂರ ನೋಡಿದ. ಅಡುಗೆಮನೆಯಲ್ಲಿ ದೂರ ಎಂಬುದು ಫ್ರಿಜ್ಜಿನವರೆಗೆ ಮಾತ್ರ ಇತ್ತು. "ಅದು... ಬಹಳ ದೊಡ್ಡ ವಿಷಯ."

"ಏನು ಕೇಳಿದ್ರು ಆಂಬ್ರೋಸ್?"

"ಕಾಡೆಮ್ಮೆ ಬಂತು. ನದಿ ಬಂತು. ಆಮೇಲೆ ಒಪ್ಪಂದ ಅಂದ್ರು. ಅಷ್ಟರಲ್ಲಿ ಒಂದು ಕಾಗೆ..."

"ಒಪ್ಪಂದ ಅಂದ್ರಾ? ನೀನು ತಂಬಾಕು ತಗೊಂಡ್ಯಾ? ಸೇದಿಯೂ ಬಿಟ್ಯಾ?" ವರ್ನಾ ತಲೆಯ ಮೇಲೆ ಕೈಹೊತ್ತು ಕೂತಳು. "ಅಯ್ಯೋ ನನ್ನ ಕರ್ಮವೇ! ಏನು ಕೊಟ್ಟುಬಂದೆ ಅಂತಾದ್ರೂ ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಅದೇ ತೊಂದರೆ. ಮರುದಿನ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು, ಅದೂ ಅವನಿಗಿಂತ ಚೆನ್ನಾಗಿ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ. ಹುಲ್ಲುಗಾವಲು ಬರೆದುಕೊಟ್ಟನಂತೆ ಎಂದು ಒಬ್ಬರು, ಕೆರೆಯನ್ನೇ ಕೊಟ್ಟನಂತೆ ಎಂದು ಇನ್ನೊಬ್ಬರು. ಅಂಚೆ ಕಚೇರಿಯ ಬಳಿ ಯಾರೋ ಸ್ಮಶಾನವನ್ನೂ ಸೇರಿಸಿದರು. ಇದುವರೆಗೆ ಆಂಬ್ರೋಸನನ್ನು ನೋಡಿ ನಗುತ್ತಿದ್ದವರು ಈಗ ನಗದೆ ನೋಡತೊಡಗಿದರು. ಅದು ಅವನಿಗೆ ನಿಜವಾಗಿ ನೋವು ಮಾಡಿತು. ಪೆದ್ದನೆಂದರೆ ಬದುಕಬಹುದು, ಊರು ಮಾರಿದವನೆಂದರೆ ಹೇಗೆ ಬದುಕುವುದು?

ಮಧ್ಯಾಹ್ನ ಚೀಫ್ ರೂಫಸ್ ಬಂದ. ರಿಸರ್ವಿನ ಮುಖಂಡನಾದ ಆತ ಯಾವ ವಿಷಯವನ್ನೂ ನೇರವಾಗಿ ನಂಬದ ಮನುಷ್ಯ. ಹವಾಮಾನ ವರದಿ ಕೇಳಿದರೂ ಇದರಿಂದ ಅವರಿಗೇನು ಲಾಭ ಎಂದು ಕೇಳುವವನು. ಹಿಂದೆಯೇ ಕೊಕುಮ್ ಫಿಲೋಮೀನ್ ಕೋಲೂರಿಕೊಂಡು ಬಂದು ಒಲೆಯ ಪಕ್ಕದ ಕುರ್ಚಿ ಹಿಡಿದಳು.

"ಫೋನ್ ಮಾಡಿ ಏನು ಕೇಳಿದ್ರಿ ಅಂತ ಕೇಳಿಬಿಟ್ರಾಯ್ತಪ್ಪ" ಎಂದಳು ವರ್ನಾ. ಆ ಅಡುಗೆಮನೆಯಲ್ಲಿ ಅಂದು ಆಡಿದ ಬುದ್ಧಿಯ ಮಾತು ಅದೊಂದೇ. ಆದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ.

"ಹುಚ್ಚಾ ನಿನಗೆ?" ಎಂದ ರೂಫಸ್. "ನಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾದ್ರೆ ಮುಗೀತು. ಬೇಕಾದ್ದು ಬರ್ಕೊಂಡು, ಇದನ್ನೇ ಕೇಳಿದ್ದು ಅಂತಾರೆ. ಗೊತ್ತಿರೋರ ಹಾಗೆ ಸುಮ್ನಿರಬೇಕು. ಅವರ ಕಡೆ ಏನು ನಡೀತಿದೆ ಅಂತ ಲೆನ್ನೀನ ಕೇಳೋಣ."

ಲೆನ್ನಿ ವರ್ನಾಳ ತಮ್ಮ. ಹೊಸ ರಿಂಕ್ ಎಂದರೆ ಮಂಜುಗಡ್ಡೆಯ ಮೇಲೆ ಹಾಕಿ ಆಡುವುದಕ್ಕೆ ಪಟ್ಟಣದವರು ರಸ್ತೆಯ ಆಚೆ ಮಗ್ಗುಲಲ್ಲೇ ಕಟ್ಟಿದ ದೊಡ್ಡ ಕಟ್ಟಡ. ಅಲ್ಲಿ ಐಸು ನಯಮಾಡುವ ಗಾಡಿ ಓಡಿಸುವ ಕೆಲಸ ಅವನದು. ಅವನು ಗುರುವಾರ ವರದಿ ತಂದ. ಒಳಗೆ ಬಂದವನೇ ಕಿಟಕಿ ಪರದೆ ಎಳೆದ.

"ವೇದಿಕೆ ಹಾಕಿದಾರೆ. ಮಧ್ಯದಲ್ಲಿ ಮೆತ್ತೆ ಇರೋ ಒಂದು ಕುರ್ಚಿ. ಅದರ ಮೇಲೆ ಭಾವನ ಹೆಸರು ಬರೆದಿದಾರೆ."

"ಕುರ್ಚಿ ಕೊಟ್ಟು ಕೂರಿಸ್ತಾರಾ?" ರೂಫಸ್ ಹಣೆ ಉಜ್ಜಿಕೊಂಡ. "ಕೆಟ್ಟದ್ದು."

"ಒಂದು ಕತ್ತರಿ ತರಿಸಿದಾರೆ. ಇಷ್ಟುದ್ದ! ಬಂಗಾರದ ಬಣ್ಣ."

"ಕತ್ತರಿನಾ? ಏನು ಕತ್ತರಿಸ್ತಾರೆ?" ಆಂಬ್ರೋಸನ ಕೈ ತಾನಾಗಿ ಜಡೆಯ ಕಡೆಗೆ ಹೋಯಿತು.

"ಜಾಗ" ಎಂದ ರೂಫಸ್. "ಭೂಪಟ ಕತ್ತರಿಸ್ತಾರೆ. ಎರಡು ತುಂಡು. ಆಮೇಲೆ?"

"ಆಮೇಲೆ ಭಾವಂಗೆ ಹೊದಿಸೋಕೆ ಅಂತ ಒಂದು ಕಂಬಳಿ."

ಕೊಕುಮ್ ಫಿಲೋಮೀನ್ ಬ್ಯಾನಕ್ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. "ಕಂಬಳಿ ಮುಟ್ಟಬೇಡ ಮಗನೇ. ಅವರು ಕೊಟ್ಟ ಸಿಡುಬಿನ ಕಂಬಳಿ ಹೊದ್ದವರ ಕಥೆ ನಮ್ಮಜ್ಜಿ ಹೇಳ್ತಿದ್ಲು. ಪೂರ್ತಿ ಹೇಳೋಕೆ ಅವರ್ಯಾರೂ ಉಳಿದಿರಲಿಲ್ಲ."

ವರ್ನಾ ಕುದಿಯುವ ಪಾತ್ರೆಯ ಮುಚ್ಚಳ ಸರಿಸಿದಳು. ಲೆನ್ನಿ ಏನಾದರೂ ಹೇಳಬೇಕಲ್ಲ ಎಂದು, "ನೀರು ಮಾತ್ರ ಅದ್ಭುತ ಅಕ್ಕ" ಎಂದ. "ಪಟ್ಟಣದ ದೊಡ್ಡ ಪೈಪು ಅಲ್ಲಿವರೆಗೂ ತಂದಿದಾರೆ. ರಸ್ತೆ ಹತ್ರಾನೇ ನಿಂತಿದೆ. ಕನ್ನಡಿ ಥರ ನೀರು. ರಾತ್ರಿ ಹಗಲು ಬಿಟ್ಟು ನೆಲಕ್ಕೆ ಸುರಿದು ಗಡ್ಡೆ ಕಟ್ಟಿಸ್ತೀವಿ."

"ಕುಡಿಯೋ ನೀರನ್ನಾ?" ಎಂದಳು ವರ್ನಾ.

"ಹೂಂ ಮತ್ತೆ. ಅದರ ಮೇಲೇ ಜಾರೋದು."

ವರ್ನಾ ಪಾತ್ರೆ ಇಳಿಸಿ ಇನ್ನೊಂದು ಏರಿಸಿದಳು. ಆಂಬ್ರೋಸ್ ಅವಳ ಕೈಯ ಮೇಲಿನ ಹಳೇ ಸುಟ್ಟ ಗುರುತುಗಳನ್ನು ನೋಡಿದ. ಅವು ಎಷ್ಟೊಂದಿವೆ ಎಂದು ಅವನು ಅದುವರೆಗೆ ಗಮನಿಸಿರಲಿಲ್ಲ.

ಉಪಾಯ ಹೊಳೆದದ್ದು ಕೊಕುಮ್‌ಗೆ. "ಕೊಟ್ಟ ತಂಬಾಕು ವಾಪಸ್ ಕೊಟ್ರೆ ಮಾತೂ ವಾಪಸ್. ಎಲ್ಲರ ಮುಂದೆ ಕೊಡಬೇಕು. ಕ್ರೀ ಮಾತಲ್ಲಿ ಹೇಳಬೇಕು."

"ಇಂಗ್ಲಿಷಲ್ಲಿ ಹೇಳಿದ್ರೆ ಅರ್ಥವಾಗಿ ತಗೊಳ್ಳಲ್ಲ ಅಂದುಬಿಡ್ತಾರೆ" ಎಂದು ರೂಫಸ್ ಒಪ್ಪಿದ. "ಕ್ರೀಯಲ್ಲಿ ಹೇಳಿದ್ರೆ ಪ್ರಾರ್ಥನೆ ಅಂದ್ಕೊಂಡು ಕಣ್ಮುಚ್ಚಿಕೊಳ್ತಾರೆ."

ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ತಕರಾರು ಇದ್ದದ್ದು ಒಂದೇ. ಸೇದಿ ಮುಗಿದ ತಂಬಾಕಿಗೆ ಬದಲಾಗಿ ಹೊಸ ಚೀಲ ತಂದದ್ದಾಯಿತು, ಆದರೆ ಆಂಬ್ರೋಸನ ಕ್ರೀ ಭಾಷೆಗೆ ಬದಲಿ ಇರಲಿಲ್ಲ. ನಾಯಿಗೆ ಬೈಯುವಷ್ಟು, ಬೇಟೆಯ ಮಾಂಸ ಹಂಚುವಷ್ಟು, ಊಟ ಕೇಳುವಷ್ಟು ಅವನಿಗೆ ಬರುತ್ತಿತ್ತು. ಉಳಿದದ್ದನ್ನು ಚಿಕ್ಕಂದಿನಲ್ಲೇ ವಸತಿಶಾಲೆಯ ಪಾದ್ರಿಗಳು ಚರ್ಮದ ಪಟ್ಟಿಯಲ್ಲಿ ಹೊಡೆದು ಬಿಡಿಸಿದ್ದರು. ಕೊಕುಮ್ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಸಿದಳು. ಅವನು ಅದನ್ನು ನಾಯಿಯ ಮುಂದೆ ಹೇಳಿ ನೋಡಿದ. ನಾಯಿ ಎದ್ದು ಹೋಯಿತು.

ಶನಿವಾರ ಕೊಕ್ಕರೆ ಕೆರೆಯ ಟ್ರಕ್ಕುಗಳೆಲ್ಲ ಸಾಲಾಗಿ ರಸ್ತೆ ದಾಟಿದವು. ಇಷ್ಟು ಜನ ಬಂದದ್ದನ್ನು ಕಂಡು ಪಟ್ಟಣದವರಿಗೆ ಆನಂದವೂ ಆಯಿತು, ಒಳಗೊಳಗೇ ದಿಗಿಲೂ ಆಯಿತು. ಇವರು ಯಾಕೆ ಬಂದರು ಎಂದು ಅವರು ನೋಡಿದರು. ಅವರು ಯಾಕೆ ನೋಡುತ್ತಾರೆ ಎಂದು ಇವರು ನೋಡಿದರು. ರಿಸರ್ವಿನವರು ಒಂದು ಗೋಡೆಗೆ ಸಾಲಾಗಿ ಕೈಕಟ್ಟಿ ನಿಂತರು. ಉಚಿತ ಕಾಫಿ ಕೊಟ್ಟರು. ಪಟ್ಟಣದವರು ಕುಡಿಯುವವರೆಗೆ ಇವರಲ್ಲಿ ಒಬ್ಬರೂ ಕುಡಿಯಲಿಲ್ಲ.

ಆಂಬ್ರೋಸ್ ಮೆತ್ತೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ. ಎದುರಿಗೆ ವಿಶಾಲವಾದ ಐಸು ಹೊಳೆಯುತ್ತಿತ್ತು. ಮಾರ್ಲೀನ್ ಟ್ವೀಡಿ ಮೈಕಿನ ಮುಂದೆ ನಿಂತು ಓದಿದರು. "ಈ ನೆಲವನ್ನೂ ಈ ಜಲವನ್ನೂ ಹಂಚಿಕೊಂಡು ಬಾಳುವೆವೆಂದು ನಮ್ಮ ಹಿರಿಯರು ಕೊಟ್ಟ ಮಾತು ಇಂದಿಗೂ ಜೀವಂತವಾಗಿದೆ. ಸೂರ್ಯ ಬೆಳಗುವಷ್ಟು ಕಾಲ, ಹುಲ್ಲು ಚಿಗುರುವಷ್ಟು ಕಾಲ, ನದಿ ಹರಿಯುವಷ್ಟು ಕಾಲ ಆ ಮಾತಿಗೆ ನಾವು ಬದ್ಧರು. ಈಗ ಹಿರಿಯರಾದ ಆಂಬ್ರೋಸ್ ಪೆಲ್ತಿಯೆಯವರು, ಒಪ್ಪಿಕೊಂಡಂತೆ, ನಾಲ್ಕು ಶುಭದ ಮಾತಾಡಿ ರಿಬ್ಬನ್ ಕತ್ತರಿಸಿಕೊಡುತ್ತಾರೆ."

ಗೋಡೆಯ ಬಳಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ನಾಲ್ಕು ಮಾತು! ಒಂದು ರಿಬ್ಬನ್! ಗುಡ್ಡ ಅಗೆದು ಇಲಿ ಹಿಡಿದದ್ದಾಯಿತು. ವರ್ನಾ ಕಣ್ಣುಮುಚ್ಚಿ ದೇವರನ್ನು ನೆನೆದಳು. ರೂಫಸ್ ಮಾತ್ರ, "ಇಷ್ಟೇ ಇರೋಕೆ ಸಾಧ್ಯವಿಲ್ಲ" ಎಂದು ಗೊಣಗಿದ.

ಆಂಬ್ರೋಸ್ ಎದ್ದ. ಅವನ ಕೈಯಲ್ಲಿ ಹೊಸ ತಂಬಾಕಿನ ಚೀಲವಿತ್ತು, ಬಾಯಲ್ಲಿ ಮರಳಿಸುವ ಮಾತಿತ್ತು. ಆದರೆ ಮರಳಿಸುವುದಕ್ಕೆ ಈಗ ಏನೂ ಉಳಿದಿರಲಿಲ್ಲ. ಶುಭದ ಮಾತು ಯಾವುದೂ ನೆನಪಾಗಲಿಲ್ಲ. ಅವನು ದೂರ ನೋಡಿದ. ದೂರದಲ್ಲಿ ಕನ್ನಡಿಯಂಥ ನೀರು ಗಡ್ಡೆಕಟ್ಟಿ ಮಲಗಿತ್ತು. ಅದರಾಚೆ ಗೋಡೆಗೊರಗಿ, ಬೆಂದ ಕೈಗಳನ್ನು ಮಡಚಿಕೊಂಡು ವರ್ನಾ ನಿಂತಿದ್ದಳು. ಈ ಸಲ ಅಲ್ಲಿ ಕಾಗೆ ಇರಲಿಲ್ಲ.

ಅವನು ಮೇಯರ್ ಕಡೆಗೆ ತಿರುಗಿ, ತನಗೆ ಬರುವಷ್ಟು ಕ್ರೀ ಭಾಷೆಯಲ್ಲಿ, ನಾಯಿಗೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದ. "ಈ ತಂಬಾಕು ತಗೋ. ನೀರು ಕೊಡು. ನಿನ್ನ ನೀರು ರಸ್ತೆ ಹತ್ರ ಬಂದು ನಿಂತಿದೆ. ಆ ಉದ್ದನೆ ಕರುಳು ಈ ಕಡೆಗೂ ಎಳಿ. ನನ್ನ ಹೆಂಡ್ತಿಗೆ ಸಾಕಾಗಿದೆ. ಮೊಮ್ಮಗು ಮೈ ಕೆರ್ಕೊಳ್ಳುತ್ತೆ. ಇಷ್ಟೇ ನಾನು ಕೇಳೋದು." ಪೈಪಿಗೆ ಕ್ರೀಯಲ್ಲಿ ಏನೆನ್ನುತ್ತಾರೋ ಅವನಿಗೆ ತಿಳಿದಿರಲಿಲ್ಲ, ಬೇಟೆಯಾಡಿದವನಿಗೆ ಕರುಳು ಗೊತ್ತಿತ್ತು.

ಹೇಳಿ ಚೀಲವನ್ನು ಮುಂದೆ ಹಿಡಿದ.

ಗೋಡೆಯ ಬಳಿ ನಿಂತವರು ಮೇಯರ್ ಕೈಯನ್ನೇ ನೋಡಿದರು. ಮಾರ್ಲೀನ್ ಟ್ವೀಡಿ ರೆಜೈನಾ ನಗರಕ್ಕೆ ಹೋಗಿ ಮೂಲನಿವಾಸಿಗಳ ಆಚಾರದ ಬಗ್ಗೆ ಎರಡು ದಿನದ ತರಬೇತಿ ಪಡೆದು ಬಂದಿದ್ದರು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಕೊಟ್ಟದ್ದನ್ನು ಎರಡೂ ಕೈಯಲ್ಲಿ ಸ್ವೀಕರಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಆಕೆ ಬಾಯಿ ಹಾಕಲಿಲ್ಲ. ಎರಡೂ ಕೈಯಲ್ಲಿ ಸ್ವೀಕರಿಸಿ, ಎದೆಗೊತ್ತಿಕೊಂಡು, ಮೈಕಿನಲ್ಲಿಯೇ ಹೇಳಿದರು. "ಮನಃಪೂರ್ವಕವಾಗಿ ಒಪ್ಪಿಕೊಂಡಿದ್ದೇನೆ."

ರಿಸರ್ವಿನವರು ಚಾವಣಿ ಹಾರಿಹೋಗುವಂತೆ ಕೂಗಿದರು. ಮುದುಕಿಯರು ನಾಲಿಗೆ ಕುಣಿಸಿ ಉಲುಲು ಎಂದರು. ಲೆನ್ನಿ ಐಸುಗಾಡಿಯ ಹಾರನ್ ಒತ್ತಿಯೇ ಒತ್ತಿದ. ತನ್ನ ಭಾಷಣ ಇಷ್ಟು ಮುಟ್ಟಿತೇ ಎಂದು ಮೇಯರ್ ಅತ್ತೇಬಿಟ್ಟರು. ಈ ಗಲಾಟೆಯಲ್ಲಿ ರಿಬ್ಬನನ್ನು ಯಾರು ಕತ್ತರಿಸಿದರೋ ಯಾರಿಗೂ ಗೊತ್ತಿಲ್ಲ. ಕಂಬಳಿ ಮಾತ್ರ ಕುರ್ಚಿಯ ಮೇಲೇ ಉಳಿಯಿತು.

ಕಾಫಿಯ ಹೊತ್ತಿನಲ್ಲಿ ಮೇಯರ್ ಕೊಕುಮ್ ಫಿಲೋಮೀನ್ ಪಕ್ಕಕ್ಕೆ ಬಂದು ಕೂತರು. "ಎಂಥ ಸುಂದರವಾದ ಪ್ರಾರ್ಥನೆ ಅಜ್ಜಿ! ಅದರ ಅರ್ಥವೇನು?"

ಕೊಕುಮ್ ಹೇಳಿದಳು. ಪದಕ್ಕೆ ಪದ ಬಿಡಿಸಿ ಹೇಳಿದಳು. ಕರುಳನ್ನೂ ಬಿಡಲಿಲ್ಲ.

ಮೇಯರ್ ಮುಖದ ಬಣ್ಣ ಐಸಿನ ಬಣ್ಣಕ್ಕೆ ಬಂತು. "ಆದ್ರೆ... ಆದ್ರೆ ನನಗೆ ಒಂದು ಪದವೂ ಅರ್ಥವಾಗಿರಲಿಲ್ಲ! ಆ ಭಾಷೆಯೇ ಬರಲ್ಲ ನನಗೆ! ಅರ್ಥವಾಗದೆ ಒಪ್ಪಿದ್ದು ಹೇಗೆ ಒಪ್ಪಂದವಾಗುತ್ತೆ?"

"ನಮ್ಮ ಮುತ್ತಜ್ಜನೂ ಇದೇ ಮಾತು ಹೇಳಿದ್ದ ಮಗಳೇ" ಎಂದಳು ಕೊಕುಮ್, ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾ. "ನಿಮ್ಮ ಮುತ್ತಜ್ಜ ಕೇಳಲಿಲ್ಲ. ಹೆದರಬೇಡ. ಸೂರ್ಯ ಬೆಳಗೋಷ್ಟು ಕಾಲ ಮಾತ್ರ."

ಆ ವಾರ ಹಾರ್ಡ್‌ವಿಕ್ ಪಟ್ಟಣದಲ್ಲಿ ಮೇಯರ್ ಏನೇನು ಬರೆದುಕೊಟ್ಟಳು ಎಂಬುದರ ಬಗ್ಗೆ ಬಹಳ ಮಾತಾಯಿತು. ರಿಂಕ್ ಹೋಯಿತಂತೆ ಎಂದು ಒಬ್ಬರು, ಗೋಧಿ ಕಣಜವೂ ಹೋಯಿತಂತೆ ಎಂದು ಇನ್ನೊಬ್ಬರು. ಆಕೆಯ ಗಂಡ ಊಟದ ಮೇಜಿನಲ್ಲಿ, "ಕೇಳದೆ ತಗೊಂಡ್ಯಾ? ವಿಮೆ ಮಾರೋಳು ನೀನು!" ಎಂದನಂತೆ.

ಮುಂದಿನ ಸೋಮವಾರ ಮೇಯರ್ ಕಾರು ಆಂಬ್ರೋಸನ ಮನೆಯ ಮುಂದೆ ನಿಂತಿತು. ಒಳಗೆ ಬಂದು ಕೂತ ಆಕೆ ಕೈಚೀಲದಿಂದ ತಂಬಾಕು ತೆಗೆದು ಮೇಜಿನ ಮೇಲಿಟ್ಟರು. "ಇದು ಸೇದಿಲ್ಲ. ಮುಟ್ಟಿಯೂ ಇಲ್ಲ. ವಾಪಸ್ ಕೊಡಬಹುದು ಅಂತ ಯಾರೋ ಹೇಳಿದರು. ಸಮಿತಿ ಇದೆ, ಪ್ರಾಂತ ಸರ್ಕಾರ ಇದೆ, ಒಟ್ಟಾವಾದಲ್ಲಿ ಕೇಂದ್ರ ಸರ್ಕಾರ ಇದೆ... ನಾನೊಬ್ಬಳೇ ಹೇಗೆ..."

ಆಂಬ್ರೋಸ್ ಫ್ರಿಜ್ಜಿನ ಕಡೆ ನೋಡಿದ. ವರ್ನಾ ಲೋಟ ತೆಗೆದುಕೊಂಡು ನಲ್ಲಿಗೆ ಹಿಡಿದು, ತುಂಬಿಸಿ, ತಂದು ಮೇಯರ್ ಮುಂದೆ ಇಟ್ಟಳು.

"ದೂರದಿಂದ ಬಂದಿದೀರಿ. ಕುಡೀರಿ."

ರಸ್ತೆಯ ಆಚೆಯಿಂದ ಬಂದವರಿಗೆ ಅದು ದೂರವೇನಲ್ಲ. ಮಾರ್ಲೀನ್ ಟ್ವೀಡಿ ಲೋಟವನ್ನು ನೋಡಿದರು. ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ತಳದಲ್ಲಿ ಏನೋ ನಿಧಾನವಾಗಿ ಇಳಿದು ಕೂತಿತು. ಒಳಕೋಣೆಯಲ್ಲಿ ಮಗು ಅತ್ತಿತು. ಮೇಯರ್ ಲೋಟವನ್ನು ಬಾಯಿಯವರೆಗೂ ಒಯ್ದು ಮತ್ತೆ ಕೆಳಗಿಟ್ಟರು. ಆಮೇಲೆ ಮೇಜಿನ ಮೇಲಿದ್ದ ತಂಬಾಕನ್ನು ಎತ್ತಿ ಕೈಚೀಲದೊಳಗೆ ವಾಪಸ್ ಹಾಕಿಕೊಂಡರು.

"ಪೈಪು ಮೊದಲು ಯಾವ ಕಡೆಯಿಂದ ತರೋದು ಒಳ್ಳೇದು?" ಎಂದು ಕೇಳಿದರು. ಈ ಸಲ ಗ್ರಂಥದ ಭಾಷೆ ಇರಲಿಲ್ಲ.

ವರ್ನಾ ಕಿಟಕಿಯಿಂದ ಕೈ ಮಾಡಿ ತೋರಿಸಿದಳು. ಮೇಯರ್ ನೋಡಿಕೊಂಡು ಹೊರಟರು.

ಕಾರು ರಸ್ತೆ ದಾಟುವವರೆಗೆ ಆಂಬ್ರೋಸ್ ಪರದೆಯ ಸಂದಿಯಿಂದ ನೋಡುತ್ತ ನಿಂತಿದ್ದ. ಅವನ ಹುಬ್ಬು ಗಂಟಿಕ್ಕಿತು.

"ವರ್ನಾ, ಇಷ್ಟು ಬೇಗ ಒಪ್ಪಿಬಿಟ್ರಲ್ಲ! ಇದರಲ್ಲೇನೋ ಇದೆ."

"ಇರಬಹುದು" ಎಂದು ವರ್ನಾ ಆ ಲೋಟದ ನೀರನ್ನು ಪಾತ್ರೆಗೆ ಸುರಿದು ಒಲೆಯ ಉರಿ ಹೆಚ್ಚಿಸಿದಳು.